ಮಾಲು ಹೋಯಿತು, ಹಣ ಬರಲಿಲ್ಲ

ಸಣ್ಣ ಉದ್ದಿಮೆಯೊಂದು ಬಾಗಿಲು ಹಾಕಿದರೆ “ನಷ್ಟವಾಯಿತಂತೆ” ಎಂದುಬಿಡುತ್ತೇವೆ. ಲೆಕ್ಕದಲ್ಲಿ ಲಾಭವಿದ್ದೂ ಮುಚ್ಚುವುದುಂಟು. ಪಿಂಪ್ರಿ-ಚಿಂಚವಾಡದಲ್ಲೋ ಚೆನ್ನೈನ ಅಂಬತ್ತೂರಿನಲ್ಲೋ ಎರಡು ಲೇತ್ ಇಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವವರನ್ನು ಕೇಳಿ ನೋಡಿ. ಆರ್ಡರ್ ಇದೆ, ಮಾಲೂ ಹೋಗಿದೆ, ಹಣ ಮಾತ್ರ ಬಂದಿಲ್ಲ. ಕೆಲಸಗಾರರ ಸಂಬಳ, ಕರೆಂಟ್ ಬಿಲ್ಲು, ಬ್ಯಾಂಕಿನ ಕಂತು ಕಾಯುತ್ತವೆಯೇ?

ಮುಂಬೈಯಲ್ಲಿ ಉಡುಪಿ ಹೋಟೆಲುಗಳು ಬೇರೂರಿದ್ದಕ್ಕೆ ರುಚಿ, ಶುಚಿ ಕಾರಣ ಎನ್ನುತ್ತೇವೆ. ನಿಜವೇ. ಆದರೆ ಗಲ್ಲಾಪೆಟ್ಟಿಗೆಯನ್ನೂ ಸ್ವಲ್ಪ ನೋಡಬೇಕು. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟದ ಕೂಪನ್ ಮೊದಲು, ಎಲೆ ಆಮೇಲೆ. ಬೆಳಗಿನ ಹಣದಲ್ಲಿ ಸಂಜೆಯ ತರಕಾರಿ ತರಬಹುದು. ಲೇತಿನವರಿಗೆ ಆ ಭಾಗ್ಯವಿಲ್ಲ.

ಈ ಕಷ್ಟವನ್ನು ಜಪಾನ್ ಬೇಗ ಗುರುತಿಸಿತು. ಅಲ್ಲಿ 1956ರಲ್ಲೇ ಕಾನೂನು ಬಂತು. ಮಾಲು ಪಡೆದ 60 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 14.6 ಬಡ್ಡಿ. ಕಾನೂನಿಗಿಂತ ಮುಖ್ಯವಾದದ್ದು ಅದನ್ನು ನಡೆಸುವ ರೀತಿ. ಸಣ್ಣವರು ದೂರು ಕೊಡಲಿ ಎಂದು ಅಲ್ಲಿನ ನ್ಯಾಯೋಚಿತ ವ್ಯಾಪಾರ ಆಯೋಗ ಕಾದು ಕೂರುವುದಿಲ್ಲ. ತಾನೇ ಪ್ರಶ್ನಾವಳಿ ಕಳಿಸುತ್ತದೆ, ಲೆಕ್ಕಪತ್ರ ತಪಾಸಣೆ ಮಾಡುತ್ತದೆ. ತಪ್ಪಿತಸ್ಥ ಕಂಪನಿಯ ಹೆಸರನ್ನು ಪ್ರಕಟಿಸುವುದೂ ಉಂಟು. 36 ಪೂರೈಕೆದಾರರಿಗೆ ಕೊಡಬೇಕಾದ ಹಣದಲ್ಲಿ ಸುಮಾರು 300 ಕೋಟಿ ಯೆನ್ ಮುರಿದುಕೊಂಡದ್ದಕ್ಕೆ 2024ರಲ್ಲಿ ನಿಸ್ಸಾನ್‌ನಂಥ ಕಂಪನಿಯೇ ಛೀಮಾರಿ ಹಾಕಿಸಿಕೊಂಡಿತು.

ನಮ್ಮಲ್ಲೂ 2006ರ ಕಾನೂನಿದೆ. ಕಾಗದದ ಮೇಲೆ ಜಪಾನಿಗಿಂತ ಬಿಗಿಯೇ! ಕರಾರು ಏನೇ ಇರಲಿ, 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ದೂರನ್ನು ಸಣ್ಣವರೇ ಕೊಡಬೇಕು. ಇರುವ ಒಬ್ಬ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಯಾರು ಕಳೆದುಕೊಳ್ಳುತ್ತಾರೆ ಹೇಳಿ? ಹೀಗಾಗಿ 2023ರ ಹಣಕಾಸು ಕಾಯ್ದೆ ಬೇರೆ ದಾರಿ ಹಿಡಿಯಿತು. ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು, ಅದು ಪಾವತಿಯಾಗುವ ತನಕ, ಕೊಂಡವರು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ.

ನಿಮ್ಮದೂ ಇಂಥ ಘಟಕವಾಗಿದ್ದರೆ ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿ. ಅದಕ್ಕೆ ಶುಲ್ಕವಿಲ್ಲ. ಬಿಲ್ಲಿನ ಮೇಲೆ ಆ ಸಂಖ್ಯೆ ಇರಲಿ. ಮಾಲು ತಲುಪಿದ ದಿನವೇ ಚಲನ್ ಮೇಲೆ ತಾರೀಖು ಸಮೇತ ಸಹಿ, ಮೊಹರು ಹಾಕಿಸಿಕೊಳ್ಳಿ. ದಿನ ಎಣಿಸುವಾಗ ಬೇಕಾಗುವುದು ಅದೇ.