ಕೇಳಿಸಿಕೊಂಡವರೇ ಸಾಕ್ಷಿ

(ಕೆಂಗೇರಿಯಲ್ಲಿ ಮಹಿಳಾ ಸ್ವಸಹಾಯ ಗುಂಪುಗಳ ಸದಸ್ಯರೆದುರು ಆಡಿದ ಮಾತುಗಳು)



ಒಂದು ನಿಮಿಷ ಯಾರೂ ಮಾತಾಡಬೇಡಿ. ಏನು ಕೇಳಿಸುತ್ತದೆ? ಮೈಸೂರು ರಸ್ತೆಯ ಬಸ್ಸು, ರೈಲಿನ ಕೂಗು, ಯಾರದೋ ಮನೆಯ ಕುಕ್ಕರ್. ಕಣ್ಣಿಗೆ ರೆಪ್ಪೆ ಇದೆ, ಬೇಡವೆಂದರೆ ಮುಚ್ಚಬಹುದು. ಕಿವಿಗೆ ಅದಿಲ್ಲ. ನಿದ್ದೆಯಲ್ಲೂ ತೆರೆದೇ ಇರುತ್ತದೆ. ಮಗು ಕುಂಯ್ ಅಂದರೆ ತಾಯಿಗೆ ಎಚ್ಚರವಾಗುವುದು ಅದಕ್ಕೇ.

ಹಾಗಾದರೆ ಪಕ್ಕದ ಮನೆಯ ಹೆಣ್ಣುಮಗಳು ರಾತ್ರಿ ಚೀರಿದ್ದು ನಮಗೆ ಕೇಳಿಸಲಿಲ್ಲವೇ? ನಡುವೆ ಇರುವುದು ಒಂದೇ ಗೋಡೆ. ಆದರೂ ಪೊಲೀಸರು ಬಂದಾಗ ‘ನಮಗೇನೂ ಗೊತ್ತಿಲ್ಲ ಸಾರ್’ ಅನ್ನುತ್ತೇವೆ. ಬೈಯುತ್ತಿಲ್ಲ. ನಾನೂ ಒಮ್ಮೆ ಟಿ.ವಿ. ಶಬ್ದ ಹೆಚ್ಚು ಮಾಡಿಕೊಂಡು ಕೂತವಳೇ.

1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಕೇಳಿಸಿಕೊಳ್ಳತೊಡಗಿದರು. ಎಷ್ಟೋ ಸಾವುಗಳು ಕಾಗದದಲ್ಲಿ ‘ಸ್ಟವ್ ಸಿಡಿದು’ ಎಂದು ಮುಗಿದುಹೋಗುತ್ತಿದ್ದ ಕಾಲ ಅದು. ಗಂಡನ ಮನೆಯವರು ತಲೆದಿಂಬಿನ ಹತ್ತಿರವೇ ನಿಂತಿದ್ದರೆ ಆಕೆ ಇನ್ನೇನು ಹೇಳಿಯಾಳು?

ಇನ್ನೊಬ್ಬರು ಹೇಳಿದ್ದನ್ನು ಕೇಳಿದೆ ಎಂದರೆ ಕೋರ್ಟು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸತ್ತವಳ ಮಾತಿಗೆ ಮಾತ್ರ ಬೇರೆ ಲೆಕ್ಕ. ತನ್ನ ಸಾವಿನ ಕಾರಣದ ಬಗ್ಗೆ ಆಕೆ ಹೇಳಿದ್ದು ಸಾಕ್ಷ್ಯವಾಗುತ್ತದೆ. ಹಿಂದೆ ಇದು ಸಾಕ್ಷ್ಯ ಕಾಯ್ದೆಯ 32ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಂ. ಬಾಯಿಮಾತೂ ನಡೆಯುತ್ತದೆ, ಬರವಣಿಗೆಯೇ ಆಗಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2002ರಲ್ಲಿ ಹೇಳಿದೆ. ಮ್ಯಾಜಿಸ್ಟ್ರೇಟರು ಬರೆದುಕೊಂಡರೆ ಬಲ ಹೆಚ್ಚು, ನಿಜ. ಆದರೆ ಅವರು ಬರುವ ಮೊದಲು ಆಕೆಯ ಹತ್ತಿರ ಇರುವವರು ನಾವು ನೀವೇ.

ಆದ್ದರಿಂದ ಕೇಳುವುದನ್ನು ಕಲಿಯಬೇಕು. ಆಕೆ ‘ಅತ್ತೆ ಬಾಗಿಲು ಹಾಕಿದರು’ ಅಂದಿದ್ದರೆ ಅಷ್ಟನ್ನೇ ಬರೆಯಿರಿ. ಸಿಟ್ಟಿನಲ್ಲಿ ನಾವು ‘ಅತ್ತೆಯೇ ಕೊಂದಳು’ ಎಂದು ಸೇರಿಸಿದರೆ, ಎದುರು ವಕೀಲರು ಅದನ್ನೇ ಹಿಡಿದು ಉಳಿದದ್ದನ್ನೂ ಸುಳ್ಳು ಮಾಡುತ್ತಾರೆ. ದಿನಾಂಕ, ಹೊತ್ತು, ಅಲ್ಲಿ ಯಾರಿದ್ದರು, ಇವೂ ಇರಲಿ. ಗುಂಪಿನ ಲೆಕ್ಕ ಬರೆಯುವ ಕೈಗೆ ಇದೇನು ಕಷ್ಟವಲ್ಲ.

ಅಷ್ಟು ದೂರ ಹೋಗುವವರೆಗೆ ಕಾಯುವುದೂ ಬೇಡ. ‘ಬಂಜೆ’, ‘ಗಂಡು ಹೆರದವಳು’ ಎಂದು ಹಂಗಿಸುವುದೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ದೌರ್ಜನ್ಯವೇ. ಕೇಳಿಸಿಕೊಂಡ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. 181ಕ್ಕೆ ಫೋನ್ ಮಾಡಿ. ಹೊಡೆತ ನಡೆಯುತ್ತಿದ್ದರೆ 112ಕ್ಕೆ.

ಇನ್ನೊಂದು. ಕೆನ್ನೆಗೆ ಬಿದ್ದ ಏಟು ಎಷ್ಟೋ ಸಲ ಕಿವಿಗೂ ಬೀಳುತ್ತದೆ, ತಮಟೆ ಹರಿಯುತ್ತದೆ. ಸಣ್ಣ ತೂತು ತಾನಾಗಿ ಕೂಡಿಕೊಳ್ಳಬಹುದು. ಒಳಕಿವಿಯ ಸೂಕ್ಷ್ಮ ಜೀವಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಒಂದೇ ಕಿವಿ ಶಾಶ್ವತವಾಗಿ ಕಿವುಡಾದರೂ ಕಾನೂನು ಅದನ್ನು ಘೋರ ಗಾಯ ಎನ್ನುತ್ತದೆ. ಆಸ್ಪತ್ರೆಯಲ್ಲಿ ‘ಜಾರಿ ಬಿದ್ದೆ’ ಅನ್ನಬೇಡಿ. ‘ಹೊಡೆದರು’ ಅನ್ನಿ, ಡಾಕ್ಟರು ಬರೆಯಲಿ.

ನಿಮ್ಮ ಗುಂಪಿನಲ್ಲಿ ಮೂರು ವಾರದಿಂದ ತಲೆ ತಗ್ಗಿಸಿ ಕಂತು ಕಟ್ಟಿ ಎದ್ದುಹೋಗುವ ಒಬ್ಬ ತಂಗಿ ಇದ್ದಾಳಲ್ಲವೇ? ಮುಂದಿನ ಸಭೆಯಲ್ಲಿ ಅವಳ ಪಕ್ಕದಲ್ಲಿ ಕೂತುಕೊಳ್ಳಿ.