ಬಾಣಂತಿಯ ನಿದ್ದೆಯ ಹೊಣೆ ಯಾರದು?

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಹಿರಿಯ ಆರೋಗ್ಯ ಸಹಾಯಕಿಯೊಬ್ಬರು ನೀಡಿದ ಉಪನ್ಯಾಸ)

 

ಇಂದು ನಾನು ಮಾತನಾಡುವುದು ಬಾಣಂತಿಯ ನಿದ್ದೆಯ ಬಗ್ಗೆ. ಶಿವಾನುಭವದಲ್ಲಿ ಇದೆಂಥ ವಿಷಯ ಎಂದು ಹಿಂದೆ ಕುಳಿತ ಗಂಡಸರು ನಗಬಹುದು. ನಗಲಿ, ಎದ್ದು ಹೋಗದಿದ್ದರೆ ಸಾಕು. ಈ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವರಿಗೇ ಸೇರಿದ್ದು.

ನಮ್ಮ ಭಾಗದಲ್ಲಿ ಬಾಣಂತನಕ್ಕೆ ಏನೂ ಕಡಿಮೆ ಮಾಡುವುದಿಲ್ಲ. ಅಳವಿ ಪಾಯಸ, ಅಂಟಿನುಂಡಿ, ಕೊಬ್ಬರಿ ಖಾರ, ದಿನಾ ಎಣ್ಣೆ ಹಚ್ಚಿ ಎರೆಯುವುದು, ಕಿವಿಗೆ ಅರಳೆ, ಹೊರಸಿನ ಕೆಳಗೆ ಕೆಂಡ. (ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ತಾಯಿಗೂ ಕೂಸಿಗೂ ಅಪಾಯ, ಅದನ್ನು ಇನ್ನೊಮ್ಮೆ ಹೇಳುತ್ತೇನೆ.) ಸೊಂಟ, ಹೊಟ್ಟೆ, ಎದೆಹಾಲು ಎಲ್ಲದರ ಕಾಳಜಿ ಇದೆ. ಆದರೆ "ರಾತ್ರಿ ಎಷ್ಟು ತಾಸು ಮಲಗಿದಿ ತಂಗಿ?" ಎಂದು ಕೇಳುವ ಮನೆಗಳನ್ನು ಮೂವತ್ತು ವರ್ಷದ ತಿರುಗಾಟದಲ್ಲಿ ನಾನು ಕಂಡದ್ದು ಬೆರಳೆಣಿಕೆಯಷ್ಟು. ಅದರ ಮೇಲೆ, ಹಗಲು ಮಲಗಿದರೆ ಮೈಗೆ ಬಾವು ಬರುತ್ತದೆ, ನಂಜಾಗುತ್ತದೆ ಎಂದು ಎಬ್ಬಿಸಿ ಕೂಡಿಸುವ ಹಿರಿಯರು ಬೇರೆ. ಹಗಲು ನಿದ್ದೆಯಿಂದ ಯಾವ ಬಾಣಂತಿಗೂ ನಂಜಾಗುವುದಿಲ್ಲ.

ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಮೊದಲ ಎರಡು ಮೂರು ತಿಂಗಳು ಅದಕ್ಕೆ ಹಗಲು ರಾತ್ರಿಯ ಭೇದ ತಿಳಿಯದು. ಹಾಲುಣಿಸಿ, ತೇಗು ಬರಿಸಿ, ಅರಿವೆ ಬದಲಿಸಿ ತಾಯಿ ಒರಗುವಷ್ಟರಲ್ಲಿ ಮತ್ತೆ ಅಳು. ಕೂಡಿಸಿದರೆ ಐದಾರು ತಾಸು ಆಗಬಹುದು, ಆದರೆ ಹರಿದ ಸೀರೆಯ ತುಂಡುಗಳನ್ನು ಎಷ್ಟು ಕೂಡಿಸಿದರೆ ಉಡಲು ಬಂದೀತು? ಇದೇ ಹೊತ್ತಿಗೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಮೈಯಲ್ಲಿ ಒಮ್ಮೆಲೇ ಇಳಿದುಬಿಡುತ್ತವೆ. ಹಾಗಾಗಿ ಮೂರನೆಯ, ನಾಲ್ಕನೆಯ ದಿನ ಸುಮ್ಮಸುಮ್ಮನೆ ಅಳು, ಸಿಡುಕು ಬರುವುದು ಬಹಳ ಜನರಿಗೆ ಸಹಜ. ಎರಡು ವಾರದೊಳಗೆ ಅದು ತಾನೇ ಹೋಗುತ್ತದೆ. ಹೋಗದೆ ನಿಂತರೆ ಅದಕ್ಕೆ ಖಿನ್ನತೆ ಎನ್ನುತ್ತಾರೆ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವರದಿಯ ಪ್ರಕಾರ ನೂರು ಬಾಣಂತಿಯರಲ್ಲಿ ಸುಮಾರು 22 ಜನರಿಗೆ ಇದು ಬರುತ್ತದೆ. ನಿಮ್ಮ ಓಣಿಯಲ್ಲಿ ಈ ವರ್ಷ ಐದು ತೊಟ್ಟಿಲು ಕಟ್ಟಿದ್ದರೆ, ಅವುಗಳಲ್ಲಿ ಒಂದನ್ನು ತೂಗುವ ಕೈ ಇಂಥವಳದಿರಬಹುದು.

ಎಲ್ಲ ಬಾಣಂತಿಯರೂ ನಿದ್ದೆಗೆಡುತ್ತಾರೆ, ಕೆಲವರೇ ಏಕೆ ಕುಸಿಯುತ್ತಾರೆ? ನಮ್ಮ ನೆರೆಯ ಗೋವೆಯಲ್ಲಿ ತಾಯಂದಿರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾರಣಗಳನ್ನು ಹುಡುಕಿತು. ಬಡತನ, ಗಂಡನೊಡನೆ ಸರಿಯಿಲ್ಲದ ಸಂಬಂಧ, ಹುಟ್ಟಿದ್ದು ಹೆಣ್ಣು ಎಂಬುದು ಅದರಲ್ಲಿ ಎದ್ದು ಕಂಡವು. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಒಂದು ಮನೆ ನೆನಪಾಗುತ್ತದೆ. ಎರಡನೆಯದೂ ಹೆಣ್ಣು. ಕೂಸು ನೋಡಲು ಬಂದವರೆಲ್ಲ "ಮುಂದಿಂದರ ಗಂಡಾಗ್ಲಿ ಬಿಡವ್ವಾ" ಎಂದು ಹರಸಿ ಹೋಗುತ್ತಿದ್ದರು. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. "ಕೂಸು ಮಲಗಿದ್ರೂ ನನಗ ಕಣ್ಣು ಹತ್ತೂದಿಲ್ರೀ ಅಕ್ಕಾರ" ಎಂದಳು. ತಾಯಂದಿರೇ, ಈ ಮಾತನ್ನು ನೆನಪಿಡಿ. ಕೂಸು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ ಅದು ಬರೀ ದಣಿವಲ್ಲ, ವೈದ್ಯರಿಗೆ ತೋರಿಸಬೇಕು. ಅವಳ ಗಂಡ ಎಂಟನೆಯ ದಿನ ಬಂದ. ಕೊರಳಲ್ಲಿ ಇಷ್ಟಲಿಂಗವಿದೆ, ಆದರೂ ಹೊಸ್ತಿಲಾಚೆ ನಿಂತ. ಯಾಕಪ್ಪಾ ಎಂದರೆ "ಇನ್ನೂ ಸೂತಕ ಐತ್ರಿ" ಎಂದ.

ನಮ್ಮ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು. ಜನನಸೂತಕವೂ ಅದರಲ್ಲಿ ಒಂದು. ಗೋಷ್ಠಿಯಲ್ಲಿ ಇದನ್ನು ತಲೆದೂಗಿ ಕೇಳುತ್ತೇವೆ, ಮನೆಗೆ ಹೋಗಿ ಬಾಣಂತಿಯನ್ನು ಹನ್ನೊಂದು ದಿನ ಕತ್ತಲಕೋಣೆಯಲ್ಲಿ ಒಬ್ಬಳನ್ನೇ ಬಿಡುತ್ತೇವೆ. ಕೂಸಿಗೆ ಲಿಂಗ ಕಟ್ಟಬಹುದಂತೆ, ಅದನ್ನು ಹೆತ್ತವಳು ಮೈಲಿಗೆಯಂತೆ! ಸೂತಕದ ನೆಪದಲ್ಲಿ ತಂದೆ ಕೂಸನ್ನು ಎತ್ತಿಕೊಳ್ಳುವುದಿಲ್ಲ, ಅವಳ ಜೊತೆ ಕುಳಿತು ಮಾತಾಡುವುದಿಲ್ಲ. ಅವಳಿಗೆ ಆಸರೆ ಹೆಚ್ಚು ಬೇಕಾದ ದಿನಗಳೂ ಅವೇ.

ಆ ಗಂಡನನ್ನು ನಾನೇ ಒಳಗೆ ಕರೆದು ಕೂಸನ್ನು ಅವನ ತೊಡೆಯ ಮೇಲಿಟ್ಟೆ. ಹೆದರಿ ಬೆವತುಬಿಟ್ಟ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧ ಕೊಟ್ಟರು. ಮನೆಯಲ್ಲಿ ಒಂದು ಏರ್ಪಾಡು ಮಾಡಿದೆವು: ರಾತ್ರಿ ಒಂಬತ್ತಕ್ಕೆ ಹಾಲು ಕುಡಿಸಿ ಅವಳು ಬೇರೆ ಕೋಣೆಯಲ್ಲಿ ಮಲಗಬೇಕು, ಒಂದು ಗಂಟೆಯವರೆಗೆ ಕೂಸು ಅಜ್ಜಿಯ ಅಥವಾ ಅಪ್ಪನ ಬಳಿ. ನಡುವೆ ಎದ್ದರೆ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುವುದು. ಹೀಗೆ ಒಂದೇ ಸಮನೆ ನಾಲ್ಕು ತಾಸು ನಿದ್ದೆ. ಔಷಧದ ಜೊತೆ ಇದೂ ನಡೆಯಿತು, ಎರಡು ತಿಂಗಳಲ್ಲಿ ಹುಡುಗಿ ಚೇತರಿಸಿಕೊಂಡಳು.

ಅತ್ತೆಯಂದಿರಿಗೆ ಒಂದು ಮಾತು. ತವರಿನಲ್ಲಿ ತಾಯಿ ಇರುತ್ತಾಳೆ. ಮೂರನೆಯದೋ ಐದನೆಯದೋ ತಿಂಗಳಲ್ಲಿ ತೊಟ್ಟಿಲ ಸಮೇತ ನಿಮ್ಮ ಮನೆಗೆ ಬಂದ ದಿನವೇ ಒಲೆ, ದನ, ಬಟ್ಟೆ ಎಲ್ಲ ಅವಳ ಪಾಲಿಗೆ ಬೀಳುತ್ತವೆ, ರಾತ್ರಿ ನಿದ್ದೆ ಮಾತ್ರ ಇನ್ನೂ ಕೂಡಿ ಬಂದಿರುವುದಿಲ್ಲ. ಖಿನ್ನತೆ ಆಗಲೂ ಶುರುವಾಗಬಹುದು.

ಇನ್ನು ಬಾಣಂತಿ ಸನ್ನಿ. ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವಂಥದು. ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲ, ಅಸಂಬದ್ಧ ಮಾತು, ಯಾರೋ ಕೂಸನ್ನು ಕೊಲ್ಲಲು ಬರುತ್ತಾರೆಂಬ ಭಯ, ಕಿವಿಯಲ್ಲಿ ದನಿ. ಗಾಳಿ ಸೋಕಿದೆ ಎಂದು ತಾಯತಕ್ಕೆ ಓಡಬೇಡಿ, ಅದೇ ದಿನ ಆಸ್ಪತ್ರೆಗೆ ಒಯ್ಯಿರಿ, ಅವಳನ್ನು ಕೂಸಿನ ಜೊತೆ ಒಬ್ಬಳನ್ನೇ ಬಿಡಬೇಡಿ. ಇದು ಪೂರ್ತಿ ಗುಣವಾಗುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಒಟ್ಟಿಗೆ ಇರಿಸಿಕೊಳ್ಳುವ ವಾರ್ಡು ಇದೆ. ಬರೀ ಮಾತಾಡಿ ಸಲಹೆ ಕೇಳಬೇಕೆಂದರೆ ಟೆಲಿ ಮಾನಸ್, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಸಂಖ್ಯೆಯನ್ನು ಇಂದೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಅಕ್ಕನ ಬಳಗದವರಲ್ಲಿ ಒಂದು ಬೇಡಿಕೆ. ಮುಂದಿನ ಗೋಷ್ಠಿಗೆ ಬರುವಾಗ ನಿಮ್ಮ ನಿಮ್ಮ ಓಣಿಯಲ್ಲಿ ಈಗ ಬಾಣಂತಿಯರಿರುವ ಮನೆಗಳನ್ನು ಗುರುತು ಮಾಡಿಕೊಂಡು ಬನ್ನಿ. ವಾರಕ್ಕೊಂದು ಮಧ್ಯಾಹ್ನ ಇಬ್ಬರು ಹೋಗಿ ಎರಡು ತಾಸು ಕೂಸನ್ನು ನೋಡಿಕೊಳ್ಳೋಣ, ತಾಯಿ ಮಲಗಲಿ. ಮೊದಲ ವಾರದ ಪಾಳಿ ನನ್ನದು.