ಗಡಿ ದಾಟದ ಆಸರೆ
(ಮಾಂಬಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿಯ ಬಂಧುಗಳೇ,

ದುಡಿಯುವವರ ಮನೆಯಲ್ಲಿ ಎದ್ದು ಓಡಾಡಲಾರದ ಮಗನೋ ಮಗಳೋ ಇದ್ದರೆ ಹೆತ್ತವರನ್ನು ಕೊರೆಯುವ ಪ್ರಶ್ನೆ ಒಂದೇ: ನಾವು ಕಣ್ಣು ಮುಚ್ಚಿದ ಮೇಲೆ ಇವರಿಗೆ ಯಾರು? ಉಳ್ಳವರು ಆಳಿಟ್ಟು ನೋಡಿಕೊಳ್ಳುತ್ತಾರೆ. ರೇಷ್ಮೆ ನೂಲು ಬಿಚ್ಚುವ ತಾಯಿ, ತಕ್ಕಡಿ ಹಿಡಿದ ತಂದೆ ಏನು ಮಾಡಬೇಕು? ಮಾನದಿಂದ ಉಂಡು ಬಾಳುವ ಪಾಲನಾ ನಿಲಯ ಬೇಕು. ಅದು ತಾಯಿ ಹೋಗಿ ನೋಡಿ ಬರುವಷ್ಟು ಹತ್ತಿರವಿರಬೇಕು.

ಗಡಿನಾಡಿನಲ್ಲಿ ಹತ್ತಿರದ್ದು ಎಷ್ಟೋ ಸಲ ಬೇರೆ ರಾಜ್ಯದ್ದು. ತಾಳವಾಡಿಯ ಕನ್ನಡಿಗರಿಗೆ ತಮ್ಮ ಜಿಲ್ಲಾ ಕೇಂದ್ರ ಈರೋಡಿಗಿಂತ ನಮ್ಮ ಚಾಮರಾಜನಗರ ಹತ್ತಿರ. ಕಾಸರಗೋಡಿನವರು ಆಸ್ಪತ್ರೆಗೆ ನಂಬಿರುವುದು ಮಂಗಳೂರನ್ನು. 2020ರ ಮಾರ್ಚಿನಲ್ಲಿ ಆ ಗಡಿಯ ದಾರಿಗಳಿಗೆ ಮಣ್ಣು ಸುರಿದಾಗ ರೋಗಿಗಳು ಸತ್ತರು. ದಾರಿ ಬಿಡಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ಕಾನೂನು ಏನೆನ್ನುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 58ನೇ ಕಲಮಿನಂತೆ ಅಂಗವಿಕಲತೆಯ ಸರ್ಟಿಫಿಕೇಟು ದೇಶಕ್ಕೆಲ್ಲ ಸಲ್ಲುತ್ತದೆ. ಆದರೆ ನಿಲಯಗಳ ನೋಂದಣಿ ಆಯಾ ರಾಜ್ಯದ್ದು. ಅವುಗಳಿಗೆ ಸಹಾಯಧನವೂ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಮಾತ್ರ. ಒಂದು ರಾಜ್ಯದವನು ಇನ್ನೊಂದರ ನಿಲಯ ಸೇರಿದರೆ ಖರ್ಚು ಯಾರದ್ದು? ಕಾಯಿದೆ ಹೇಳುವುದಿಲ್ಲ. ಕಾಗದ ಗಡಿ ದಾಟುತ್ತದೆ, ಅನ್ನ ದಾಟುವುದಿಲ್ಲ!

ಇದು ಆಗದ ಕೆಲಸವೇನಲ್ಲ. ಫ್ರಾನ್ಸಿನ ಸಾವಿರಾರು ಅಂಗವಿಕಲರು ನೆರೆಯ ಬೆಲ್ಜಿಯಂ ದೇಶದ ನಿಲಯಗಳಲ್ಲಿದ್ದಾರೆ; ಖರ್ಚು ಫ್ರಾನ್ಸಿನದು. ಎರಡೂ ಕಡೆಯವರು ಸೇರಿ ತಪಾಸಣೆ ಮಾಡಲು 2011ರ ಡಿಸೆಂಬರ್ 21ರಂದು ಒಪ್ಪಂದವಾಯಿತು. ಅಲ್ಲಿಯೂ ತಮ್ಮ ನಾಡಿನಲ್ಲಿ ಜಾಗ ಸಾಲದೆ ಹೋದವರು ಬಹಳ, ಅದನ್ನೂ ಮರೆಯಬಾರದು. ಆದರೂ ಎರಡು ದೇಶಗಳು ಮಾಡಿದ್ದನ್ನು ಒಂದೇ ದೇಶದ ಎರಡು ರಾಜ್ಯಗಳು ಮಾಡಲಾರವೇ?

ಗಡಿ ದೇವರು ಬರೆದದ್ದಲ್ಲ. 1956ರ ನವೆಂಬರ್ 1ರ ಮುಂಚೆ ನಮ್ಮ ಮಾಂಬಳ್ಳಿ ಮೈಸೂರಿನಲ್ಲಿತ್ತು. ಪಕ್ಕದ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಒಂದು ಕಾಯಿದೆ ಆ ಗೆರೆಯನ್ನು ಅಳಿಸಿತು.

ನಾವು ಕೇಳುವುದು ಮೂರು. ಮನುಷ್ಯ ಎಲ್ಲಿಗೆ ಹೋದರೂ ಪಾಲನೆಯ ಹಣ ಅವನ ಹಿಂದೆ ಹೋಗುವಂತೆ ನೆರೆಯ ರಾಜ್ಯಗಳು ಒಪ್ಪಂದ ಮಾಡಲಿ. ಗಡಿ ತಾಲ್ಲೂಕುಗಳಲ್ಲಿ ಸರ್ಕಾರವೇ ನಿಲಯ ಕಟ್ಟಲಿ. ಕಾಯಿದೆಯ 5ನೇ ಕಲಮಿನಂತೆ ಯಾರನ್ನೂ ಬಲವಂತದಿಂದ ನಿಲಯಕ್ಕೆ ತಳ್ಳದಿರಲಿ. ಮನೆಯಲ್ಲೇ ಇರುವವರಿಗೂ ನೆರವು ಸಿಗಲಿ.

ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನೂ ಠರಾವು ಮಾಡಿಸೋಣ. ನಾವು ಬೇಡುವುದು ದಾನವನ್ನಲ್ಲ, ದುಡಿದವರ ಪಾಲನ್ನು.